ದಶಮಿಯ ಹೊಗೆ

ನಮ್ಮ ಶಾಕ್‌ಹೈ ಹಳ್ಳಿಗೆ ಈಗ ವಾರಕ್ಕೆ ಮೂರು ದಿನ ಬಸ್ಸು ತುಂಬ ಜನ ಬರುತ್ತಾರೆ. ತೈವಾನಿನ ಉತ್ತರದ ದೊಡ್ಡ ಊರುಗಳವರೇ ಹೆಚ್ಚು. ನಮ್ಮ ಹಕ್ಕಾ ಜನರ ಹಳೆಯ ಮನೆ, ಹಳೆಯ ಕಸುಬು ನೋಡಬೇಕೆಂದು ಬರುತ್ತಾರೆ. ಹಳದಿ ಬಾವುಟ ಹಿಡಿದ ಹುಡುಗಿಯೊಬ್ಬಳು ಅವರನ್ನು ಮೊದಲು ಅಕ್ಷರದ ಗೂಡಿನ ಹತ್ತಿರ ನಿಲ್ಲಿಸುತ್ತಾಳೆ, ಆಮೇಲೆ ನಮ್ಮ ಅಂಗಳಕ್ಕೆ ಕರೆತರುತ್ತಾಳೆ. ಇಲ್ಲಿ ನನ್ನ ಮೊಮ್ಮಗ ಒಬ್ಬೊಬ್ಬರ ಕೈಗೂ ಒಂದೊಂದು ಕಾಗದದ ಕೊಡೆ ಕೊಟ್ಟು, ಹೂವೋ ಹಕ್ಕಿಯೋ ಬರೆಯಿರಿ ಅನ್ನುತ್ತಾನೆ. ನಾನು ಮೂಲೆಯ ಮಣೆಯ ಮೇಲೆ ಕೂತು ಕೊಡೆಯ ಬಿದಿರುಕಡ್ಡಿಗಳಿಗೆ ದಾರ ಪೋಣಿಸುತ್ತಿರುತ್ತೇನೆ. ಈ ಕೆಲಸಕ್ಕೆ ಕಣ್ಣು ಬೇಡ, ಬೆರಳು ಸಾಕು.

ಗೂಡು ನಮ್ಮ ಅಂಗಳದಿಂದ ಕೂಗಳತೆಯಲ್ಲಿದೆ. ಆರು ಮೂಲೆಯ, ಮೂರು ಅಂತಸ್ತಿನ ಇಟ್ಟಿಗೆ ಗೋಪುರ. ಬುಡದಲ್ಲಿ ಮಸಿ ಹಿಡಿದ ಬಾಯಿ. ಹುಡುಗಿ ಮೈಕಿನಲ್ಲಿ ಹೇಳುವುದೆಲ್ಲ ನನಗೆ ಕೇಳಿಸುತ್ತದೆ.

"ಇಲ್ಲಿ ಹಿಂದೆ ಒಬ್ಬ ಒಕ್ಕಣ್ಣಜ್ಜ ಇದ್ದ. ಊರಲ್ಲಿ ಬರೆದ ಕಾಗದ ಎಲ್ಲಿ ಬಿದ್ದಿದ್ರೂ ಆಯ್ಕೊಂಡು ಬಂದು ಇದರಲ್ಲಿ ಸುಡೋದೇ ಅವನ ಕೆಲಸ. ಪಾಡ್ಯಕ್ಕೊಂದ್ಸಲ, ಹುಣ್ಣಿಮೆಗೊಂದ್ಸಲ. ಬೇರೆ ದಿನ ಸುಡೋ ಹಾಗೇ ಇಲ್ಲ. ಒಂದು ಸಲ ಏನ್ಮಾಡ್ದ, ಸುಡಬಾರದ ದಿನ ಸುಟ್ಟುಬಿಟ್ಟ. ಅಕ್ಷರದ ದೇವರಿಗೆ ಬಂತು ನೋಡಿ ಸಿಟ್ಟು, ಕಣ್ಣೇ ಕಿತ್ಕೊಂಡ!"

ಜನ ನಗುತ್ತಾರೆ. ಮಕ್ಕಳು ಒಂದು ಕಣ್ಣು ಮುಚ್ಚಿಕೊಂಡು ಕುಣಿಯುತ್ತವೆ. ಹುಡುಗಿಯ ತಪ್ಪಿಲ್ಲ. ಊರು ಹೇಳಿಕೊಟ್ಟದ್ದನ್ನು ಅವಳು ಹೇಳುತ್ತಾಳೆ. ಊರು ಹಾಗೆ ಹೇಳಿಕೊಳ್ಳಲಿ ಎಂದು ಎಪ್ಪತ್ತು ವರ್ಷ ಸುಮ್ಮನಿದ್ದವಳು ನಾನು.

ಅವರ ಹೆಸರು ಸುಂಗ್ ತೆಟ್‌ಲಿನ್. ನಾವೆಲ್ಲ ಸುಂಗ್ ದೊಡ್ಡಪ್ಪ ಎನ್ನುತ್ತಿದ್ದೆವು. ನಾನು ಈ ಮನೆಗೆ ಸೊಸೆಯಾಗಿ ಬಂದಾಗ ಅವರಿಗೆ ಐವತ್ತೆಂಟು. ಹೆಗಲ ಮೇಲೆ ಬಿದಿರಿನ ಅಡ್ಡೆ, ಅದರ ಎರಡು ತುದಿಗೆ ಎರಡು ಬುಟ್ಟಿ, ಕೈಯಲ್ಲೊಂದು ಕಬ್ಬಿಣದ ಚಿಮಟ. ದಾರಿಯಲ್ಲಿ ಔಷಧಿ ಕಟ್ಟಿದ ಚೀಟಿ ಬಿದ್ದಿರಲಿ, ಬೆಂಕಿಪೊಟ್ಟಣದ ಚೂರು ಬಿದ್ದಿರಲಿ, ಅಕ್ಷರ ಇದ್ದರೆ ಚಿಮಟದಲ್ಲಿ ಹಿಡಿದು ಬುಟ್ಟಿಗೆ. ಎಮ್ಮೆಯ ಸಗಣಿಯಲ್ಲಿ ಸಿಕ್ಕಿದ್ದನ್ನು ಕಾಲುವೆಯಲ್ಲಿ ತೊಳೆದು, ಮೊರದಲ್ಲಿ ಒಣಗಿಸಿ, ಆಮೇಲೆ ಬುಟ್ಟಿಗೆ. ಪ್ರತಿ ಮನೆಯ ಬಾಗಿಲ ಪಕ್ಕ ಒಂದು ಬಿದಿರಿನ ಕೊಳವೆ ಕಟ್ಟಿರುತ್ತಿದ್ದರು. ಬೇಡವಾದ ಬರಹವನ್ನು ನಾವು ಅದರಲ್ಲಿ ಸಿಕ್ಕಿಸಬೇಕು. ದೊಡ್ಡಪ್ಪ ಬಂದು, "ಅಕ್ಷರ ಇದೆಯೇನ್ರಮ್ಮಾ?" ಎಂದು ಕೂಗಿ ತೆಗೆದುಕೊಂಡು ಹೋಗುತ್ತಿದ್ದರು. ಗೂಡಿನ ಪಕ್ಕದ ಚಿಕ್ಕ ಗುಡಿಯಲ್ಲಿ ಒಂದು ದೊಡ್ಡ ಮರದ ಪೆಟ್ಟಿಗೆ. ಸುಡುವ ದಿನದವರೆಗೆ ಎಲ್ಲ ಅದರಲ್ಲಿ. ಸುಟ್ಟ ಬೂದಿಯನ್ನು ವರ್ಷವೆಲ್ಲ ಜಾಡಿಯಲ್ಲಿ ಕೂಡಿಟ್ಟು, ಹೊಸ ವರ್ಷದ ಮೊದಲ ನವಮಿಗೆ ವಾದ್ಯ ಬಾರಿಸುತ್ತ ಹೊಳೆಗೆ ಬಿಡುವುದು.

ಒಲೆಗೆ ಅಕ್ಷರ ಹಾಕಿದರೆ ಕಣ್ಣು ಹೋಗುತ್ತದೆ. ತುಳಿದರೆ ಮುಂದಿನ ಜನ್ಮದಲ್ಲಿ ಎತ್ತಾಗಿ ಹುಟ್ಟುತ್ತೇವೆ. ಇದನ್ನು ಯಾರೂ ನಮಗೆ ಕಲಿಸಲಿಲ್ಲ. ತಾಯಿಯ ಹಾಲಿನ ಜೊತೆ ಕುಡಿದಿದ್ದೆವು.

ಇಷ್ಟೆಲ್ಲ ಮಾಡುತ್ತಿದ್ದ ದೊಡ್ಡಪ್ಪನಿಗೆ ಓದಲು ಬರುತ್ತಿರಲಿಲ್ಲ. ಒಂದು ಅಕ್ಷರವೂ. ನನ್ನ ಅತ್ತೆ ಅದಕ್ಕೇ ಅವರನ್ನು ಕೆಣಕುತ್ತಿದ್ದರು.

"ಸುಂಗಣ್ಣಾ, ಒಂದೇ ಗೀಟಲ್ಲಿ ಬರೆಯೋ ‘ಒಂದು’ ಅನ್ನೋ ಅಕ್ಷರ ಕೂಡಾ ಗೊತ್ತಿಲ್ಲ ನಿಂಗೆ. ಊರ ಅಕ್ಷರಕ್ಕೆಲ್ಲ ನೀನೇ ಯಜಮಾನ!"

"ಸೂಲಗಿತ್ತಿ ಊರ ಮಕ್ಕಳ ಜಾತಕಾನೆಲ್ಲ ಓದಿರ್ತಾಳೇನಮ್ಮಾ? ಕೈಗೆ ಬಂದಿದ್ದನ್ನ ಜೋಪಾನವಾಗಿ ಹಿಡ್ಕೊಂಡ್ರೆ ಸಾಕು."

"ಹಿಡ್ಕೊ ಹಿಡ್ಕೊ. ನಿನ್ನ ಹೆಂಡತಿ ಬರೆದ ಕಾಗದಾನೂ ಹಿಡ್ಕೊಂಡು ಸುಟ್ಟಿರ್ತೀಯ."

"ಅವಳು ಬರೆದಿದ್ರೆ ತಾನೇ. ಬಾಯಲ್ಲೇ ಎಲ್ಲ ಹೇಳಿ ಮುಗಿಸ್ತಾಳೆ."

ನಮ್ಮನ್ನು ಆಳುತ್ತಿದ್ದ ಜಪಾನಿನವರು ಹೋಗಿ ಚೀನಾದಿಂದ ಹೊಸ ಸರಕಾರ ಬಂದಾಗ ಜನ ಹೆದರಿ ಜಪಾನೀ ಪುಸ್ತಕ, ಶಾಲೆಯ ಪ್ರಶಸ್ತಿ ಎಲ್ಲ ತಂದು ಕೊಳವೆಗೆ ತುರುಕಿದರಂತೆ. ದೊಡ್ಡಪ್ಪ ಅದನ್ನೂ ಅದೇ ಚಿಮಟದಲ್ಲಿ ಎತ್ತಿಕೊಂಡರು, ಅದೇ ಬುಟ್ಟಿಗೆ ಹಾಕಿಕೊಂಡರು. ಯಾರೋ ಬೇಡ ಎಂದದ್ದಕ್ಕೆ, "ಅಕ್ಷರಕ್ಕೆ ಸರಕಾರ ಇಲ್ಲಪ್ಪ" ಎಂದರಂತೆ. ಆಗ ಅದು ತಮಾಷೆಯ ಮಾತಾಗಿತ್ತು.

೧೯೫೨ನೇ ಇಸವಿ, ನಮ್ಮ ಲೆಕ್ಕದ ಹತ್ತನೇ ತಿಂಗಳು. ಮಳೆ ನಿಂತು ಬಿಸಿಲು ಗಟ್ಟಿಯಾಗಿತ್ತು. ಕೊಡೆ ಮಾಡುವವರಿಗೆ ಅದೇ ಸುಗ್ಗಿ. ನನಗೆ ಮದುವೆಯಾಗಿ ಹದಿನಾಲ್ಕು ತಿಂಗಳು, ಹೊಟ್ಟೆಯಲ್ಲಿ ಐದು ತಿಂಗಳ ಕೂಸು. ಬೆಳಗ್ಗೆಯೇ ಎಣ್ಣೆ ಹಚ್ಚಿದ ಕೊಡೆಗಳನ್ನು ಬಿಚ್ಚಿ ಅಂಗಳದ ತುಂಬ ಹರಡುತ್ತಿದ್ದೆವು. ಅಷ್ಟಮಿಯ ದಿನ ನಾನು ಹಾಗೆ ಹರಡುತ್ತಿರುವಾಗ ನನ್ನ ಗಂಡ ಬಿದಿರು ತರಲು ಹೋದವರು ಬರಿಗೈಯಲ್ಲಿ ವಾಪಸು ಬಂದರು. ನನ್ನ ಕಡೆ ನೋಡದೆ ಕೊಡೆ ಮಾಡುವ ಕೊಟ್ಟಿಗೆಗೆ ನುಗ್ಗಿ, ಕೊಡೆಗೆ ಅಂಟಿಸುವ ಬಿಳಿ ಕಾಗದದ ಕಟ್ಟನ್ನು ಎಳೆದು ಒಂದೊಂದೇ ಹಾಳೆ ಎತ್ತಿ ಎತ್ತಿ ನೋಡತೊಡಗಿದರು.

"ಏನಾಯ್ತು?" ಎಂದೆ.

"ಚುಂಗ್ ಮೇಷ್ಟ್ರನ್ನ ಹಿಡ್ಕೊಂಡು ಹೋದ್ರು. ಶಾಲೆ ಬಯಲಲ್ಲಿ, ಮಕ್ಕಳು ಕವಾಯತು ಮಾಡ್ತಿರೋವಾಗ. ಎಲ್ಲರ ಮುಂದೇನೇ."

ಚುಂಗ್ ಮೇಷ್ಟ್ರು ಭಾನುವಾರ ಮಧ್ಯಾಹ್ನ ನಮ್ಮ ಕೊಟ್ಟಿಗೆಗೆ ಬರುತ್ತಿದ್ದರು. ಹತ್ತು ಹನ್ನೆರಡು ಗಂಡಸರು ಸೇರಿ ಪುಸ್ತಕ ಓದುತ್ತಿದ್ದರು. ನಾನು ಚಹಾ ಕೊಟ್ಟು ಬರುತ್ತಿದ್ದೆ. ಅವರು ಓದಿದ್ದು ಏನೆಂದು ನನಗೆ ಇವತ್ತಿಗೂ ಸರಿಯಾಗಿ ತಿಳಿಯದು. ಯಾರು ಯಾವ ಪುಸ್ತಕ ಮನೆಗೆ ಒಯ್ದರು ಎಂದು ಮೇಷ್ಟ್ರು ಎರಡು ಹಾಳೆಯಲ್ಲಿ ಬರೆದು ನನ್ನ ಗಂಡನ ಕೈಗೆ ಕೊಟ್ಟಿದ್ದರು. ಹನ್ನೊಂದು ಹೆಸರು. ಪಕ್ಕದ ಪೇಟೆಯಲ್ಲಿ ಇಂಥ ಪುಸ್ತಕ ಓದಿದವರನ್ನು ಕಮ್ಯುನಿಸ್ಟರೆಂದು ಹಿಡಿಯುತ್ತಿದ್ದಾರೆಂಬ ಸುದ್ದಿ ಬಂದಮೇಲೆ ಪುಸ್ತಕಗಳೆಲ್ಲ ಎಲ್ಲಿಗೋ ಹೋದವು. ಪಟ್ಟಿ ಮಾತ್ರ ಉಳಿದಿತ್ತು. ಒಲೆಯಲ್ಲಿ ಇಟ್ಟಿದ್ದರೆ ಒಂದು ಉಸಿರಿನ ಕೆಲಸ. ಆದರೆ ಒಲೆಯ ಮುಂದೆ ಅತ್ತೆ ಕೂತಿರುತ್ತಿದ್ದರು. ಅತ್ತೆ ಇಲ್ಲದಾಗಲೂ ನನ್ನ ಗಂಡನಿಗೆ ಕೈ ಬರಲಿಲ್ಲ. ಬಿಳಿ ಕಾಗದದ ಕಟ್ಟಿನ ನಡುವೆ ಸೇರಿಸಿಟ್ಟಿದ್ದರು, ನಾಳೆ ನೋಡೋಣ, ನಾಡಿದ್ದು ನೋಡೋಣ ಎಂದು.

ಅಷ್ಟರಲ್ಲಿ ಅತ್ತೆ ಅಡುಗೆಮನೆಯಿಂದ ಬಂದರು, ಕೈಯಲ್ಲಿ ಸೌಟು.

"ಏನೋ ಹುಡುಕ್ತಿದ್ದೀಯ? ಆ ಬರೆದ ಹಾಳೇನಾ? ನಾಚಿಕೆ ಆಗಲ್ವೇನೋ ನಿಂಗೆ! ಬಿಳಿ ಕಾಗದದ ಜೊತೆ ಸೇರಿಸಿಟ್ಟಿದ್ದೀಯ. ನಾನು ನೋಡದೆ ಕತ್ತರಿ ಆಡಿಸಿದ್ರೆ ಚೂರೆಲ್ಲ ಕಾಲಡಿಗೆ ಬೀಳ್ತಿತ್ತು. ಪುಣ್ಯಕ್ಕೆ ಕಣ್ಣಿಗೆ ಬಿತ್ತು. ಬಾಗಿಲ ಕೊಳವೆಗೆ ಹಾಕಿದೆ."

ನನ್ನ ಗಂಡ ಬಾಗಿಲಿಗೆ ಓಡಿದರು. ಕೊಳವೆಗೆ ಕೈ ಹಾಕಿದರು.

"ಇನ್ನೆಲ್ಲಿರತ್ತೆ? ನಿನ್ನೇನೇ ಸುಂಗಣ್ಣ ತಗೊಂಡು ಹೋದ," ಎಂದು ಅತ್ತೆ ಒಳಗೆ ಹೋದರು.

ನನ್ನ ಗಂಡ ಹೊಸ್ತಿಲ ಮೇಲೆ ಕೂತುಬಿಟ್ಟರು. ಕೊಳವೆಯೊಳಗಿನ ಕೈಯನ್ನು ಹೊರಗೆ ತೆಗೆಯುವುದೂ ಮರೆತಿತ್ತು. ನನಗೆ ಮಾತ್ರ ಕೇಳುವಂತೆ ಹೇಳಿದರು: "ನಾಲ್ಕನೇ ಹೆಸರು ನಂದು."

ಅವರೇ ಗುಡಿಗೆ ಹೋಗಿ ಕೇಳುವ ಹಾಗಿರಲಿಲ್ಲ. ಮೇಷ್ಟ್ರ ಗೆಳೆಯ ಇವತ್ತು ಎಲ್ಲಿಗೆ ಹೋದ, ಯಾರನ್ನು ಕಂಡ ಎಂದು ಊರೆಲ್ಲ ನೋಡುತ್ತಿತ್ತು. ಹೆಂಗಸು ಗುಡಿಗೆ ಹೋದರೆ ಯಾರು ಕೇಳುತ್ತಾರೆ? ಮರುದಿನ ನವಮಿ. ಬೆಳಗ್ಗೆ ಮೂಲಂಗಿ ತುರಿದು ಅಕ್ಕಿಹಿಟ್ಟಿನ ಕಡುಬು ಬೇಯಿಸಿ, ತಟ್ಟೆಯ ಮೇಲೆ ಬಾಳೆಲೆ ಮುಚ್ಚಿ, ನನ್ನ ನೀಲಿ ಅಂಗಿ ಹಾಕಿಕೊಂಡು ಗೂಡಿಗೆ ಹೋದೆ. ದಾರಿಯಲ್ಲಿ ಸೈಕಲ್ ಗಂಟೆ ಕೇಳಿದಾಗಲೆಲ್ಲ ಹೊಟ್ಟೆಯೊಳಗಿನ ಕೂಸು ಒದೆಯುತ್ತಿತ್ತು. ಅಥವಾ ನನಗೆ ಹಾಗೆ ಅನಿಸುತ್ತಿತ್ತು.

ದೊಡ್ಡಪ್ಪ ಗುಡಿಯ ಜಗಲಿಯಲ್ಲಿ ಕೂತು ಒದ್ದೆ ಚೀಟಿಗಳನ್ನು ಮೊರದಲ್ಲಿ ಬಿಡಿಸುತ್ತಿದ್ದರು. ಪೆಟ್ಟಿಗೆ ಅವರ ಬೆನ್ನ ಹಿಂದೆಯೇ ಇತ್ತು.

"ಏನು ಆಮೊಯ್, ಕಡುಬು ತಂದಿದ್ದೀಯ? ಹುಣ್ಣಿಮೆಗೆ ಇನ್ನೂ ಆರು ದಿನ ಇದೆಯಲ್ಲ," ಎಂದರು. ಊರ ಹುಡುಗಿಯರೆಲ್ಲ ಅವರಿಗೆ ಆಮೊಯ್.

"ದೊಡ್ಡಪ್ಪ, ಮೊನ್ನೆ ನಮ್ಮನೆ ಕೊಳವೆಯಿಂದ ಎರಡು ಹಾಳೆ ತಗೊಂಡು ಬಂದ್ರಲ್ಲ. ಅದು... ಅತ್ತೆ ತಪ್ಪಿ ಹಾಕಿಬಿಟ್ರು. ವಾಪಸ್ ಬೇಕಿತ್ತು."

"ಬುಟ್ಟಿಗೆ ಬಿದ್ದಿದ್ದು ಮನೆಗೆ ಹೋಗಲ್ಲ ತಾಯಿ. ಹೆಣ ಮಸಣದಿಂದ ವಾಪಸ್ ಬರತ್ತಾ?"

"ಹಾಗಿದ್ರೆ ಇವತ್ತೇ ಸುಟ್ಟುಬಿಡಿ."

ಅವರ ಕೈ ಮೊರದಲ್ಲೇ ನಿಂತಿತು. ತಲೆ ಎತ್ತಿ ನನ್ನನ್ನು ನೋಡಿದರು. ಆಗ ಅವರಿಗೆ ಎರಡು ಕಣ್ಣೂ ಇದ್ದವು. ಎರಡೂ ನನ್ನ ಮುಖದ ಮೇಲೆ ಇದ್ದವು.

"ಇವತ್ತು ನವಮಿ."

"ಗೊತ್ತು."

"ಮೂವತ್ತೊಂದು ವರ್ಷದಲ್ಲಿ ಒಂದು ಸಲಾನೂ ದಿನ ತಪ್ಪಿಸಿಲ್ಲ ನಾನು." ಮೊರವನ್ನು ಪಕ್ಕಕ್ಕಿಟ್ಟು ಕೇಳಿದರು: "ಎಂಥಾ ಹಾಳೆ?"

ನಾನು ಹೇಳಿಬಿಟ್ಟೆ. "ಗೀಟು ಹಾಕಿರೋ ಎರಡು ಹಾಳೆ. ಮೂಲೇಲಿ ಎಣ್ಣೆ ಕಲೆ ಇದೆ."

ಅವರಿಗೆ ನಗು ಬಂತು, ಬಂದಷ್ಟೇ ಬೇಗ ಹೋಯಿತು. "ಈ ಊರಲ್ಲಿ ಎಣ್ಣೆ ಕಲೆ ಇಲ್ಲದ ಕಾಗದ ಒಂದು ತೋರಿಸು ನೋಡೋಣ."

ನಿಜ. ಮನೆ ಮನೆಯಲ್ಲಿ ಕೊಡೆ, ಮನೆ ಮನೆಯಲ್ಲಿ ಕೊಡೆಗೆ ನೀರು ಹಿಡಿಯದಂತೆ ಹಚ್ಚುವ ಟಂಗ್ ಮರದ ಎಣ್ಣೆ. ಅವರು ಪೆಟ್ಟಿಗೆಯ ಮುಚ್ಚಳ ಎತ್ತಿದರು. ಗೀಟಿನ ಹಾಳೆಗಳು, ಮಕ್ಕಳ ಕಾಪಿ, ಔಷಧಿಯ ಚೀಟಿ, ಗೊಬ್ಬರದ ಚೀಲದ ಕಾಗದ, ಎಲ್ಲದಕ್ಕೂ ಎಣ್ಣೆಯ ಬೆರಳು. ಓದಬಲ್ಲವರಾದರೆ ಒಂದು ಗಳಿಗೆಯಲ್ಲಿ ಆರಿಸಬಹುದಿತ್ತು. ಅವರಿಗೆ ಬಾರದು. ಜಪಾನಿನವರ ಶಾಲೆಯಲ್ಲಿ ನಾನು ಮೂರು ವರ್ಷ ಕಲಿತದ್ದು ಆ ರಾಶಿಯ ಮುಂದೆ ಯಾವ ಮೂಲೆಗೂ ಬರಲಿಲ್ಲ. ಇಬ್ಬರೂ ಪೆಟ್ಟಿಗೆಯ ಮೇಲೆ ಬಗ್ಗಿ, ಬಾವಿಯೊಳಗೆ ಬಿದ್ದದ್ದನ್ನು ಹುಡುಕುವವರ ಹಾಗೆ ನೋಡುತ್ತಿದ್ದೆವು.

ಸೈಕಲ್ ಗಂಟೆ ಕೇಳಿಸಿತು.

ಈ ಸಲ ಅದು ನಮ್ಮ ಹತ್ತಿರವೇ ನಿಂತಿತು. ಲಿಮ್ ಪೊಲೀಸ. ಪಕ್ಕದ ಹಳ್ಳಿಯವನು, ನಮ್ಮದೇ ಮಾತಿನವನು. ಠಾಣೆಗೆ ಬಂದಿದ್ದ ಹೊಸ ಅಧಿಕಾರಿಗೆ ನಮ್ಮ ಮಾತು ಬರುತ್ತಿರಲಿಲ್ಲ; ಲಿಮ್ ಅವನ ಬಾಯಿ, ಅವನ ಕಿವಿ. ದೊಡ್ಡಪ್ಪ ಮುಚ್ಚಳ ಹಾಕಲಿಲ್ಲ. ಹಾಕಿದ್ದರೆ ಅನುಮಾನ ಬರುತ್ತಿತ್ತು. ಒಂದು ಹಿಡಿ ಒಣಗಿದ ಚೀಟಿ ತೆಗೆದು ಮೆಲ್ಲಗೆ ಪೆಟ್ಟಿಗೆಗೆ ಹಾಕಿದರು, ಅದಕ್ಕೇ ತೆರೆದಿದ್ದೇನೆ ಎನ್ನುವಂತೆ.

"ಏನು ದೊಡ್ಡಪ್ಪ, ತುಂಬಿದೆಯಾ ಪೆಟ್ಟಿಗೆ?"

"ಹುಣ್ಣಿಮೆ ಹತ್ರ ಬಂತಲ್ಲಪ್ಪ, ತುಂಬದೆ ಇರತ್ತಾ?"

"ಹುಣ್ಣಿಮೆಗೆ ಸುಡಬೇಡಿ. ಸಾಹೇಬ್ರು ಹೇಳಿದ್ದಾರೆ. ಮೇಷ್ಟ್ರ ಮನೇಲಿ ಒಂದು ಚೂರು ಕಾಗದ ಸಿಗಲಿಲ್ಲ. ಎಲ್ಲಿ ಅಂದ್ರೆ ಅವನ ಹೆಂಡತಿ, ಬುಟ್ಟಿಗೆ ಹಾಕಿದೆ ಅಂದ್ಳು. ನಾಳೆ ಬೆಳಗ್ಗೆ ಗಾಡಿ ಬರತ್ತೆ. ಪೆಟ್ಟಿಗೆ ಇದ್ದ ಹಾಗೇ ಠಾಣೆಗೆ." ಅವನು ನನ್ನ ಕಡೆ ತಿರುಗಿದ. "ನೀನು ಯಾರ ಮನೆಯವಳು? ಇಲ್ಲೇನು ಕೆಲಸ?"

ನಾನು ಕಡುಬಿನ ತಟ್ಟೆ ಮುಂದೆ ಚಾಚಿದೆ. ದೊಡ್ಡಪ್ಪನೇ ಹೇಳಿದರು: "ಬಸುರಿ ಹೆಂಗಸು. ಅತ್ತೆ ಹರಕೆ ಕಳಿಸಿದ್ದಾಳೆ. ಹುಟ್ಟೋ ಮಗು ಓದಲಿ ಅಂತ."

ಲಿಮ್ ಬಾಳೆಲೆ ಎತ್ತಿ ಒಂದು ಕಡುಬು ತೆಗೆದುಕೊಂಡ. ನಿಧಾನವಾಗಿ ತಿಂದ. "ಉಪ್ಪು ಜಾಸ್ತಿ," ಎಂದ. ಇನ್ನೊಂದು ತಿಂದ. "ಓದಿ ಏನು ಮಾಡೋದು? ಓದಿದವರ ಪಾಡು ನೋಡ್ತಿದ್ದೀಯಲ್ಲ." ಬೆರಳನ್ನು ಪೆಟ್ಟಿಗೆಯೊಳಗಿನ ಒಂದು ಗೀಟಿನ ಹಾಳೆಗೆ ಒರೆಸಿ ಹೊರಟುಹೋದ. ದೊಡ್ಡಪ್ಪ ಆ ಹಾಳೆಯನ್ನು ಎತ್ತಿ, ತಮ್ಮ ತೋಳಿನಿಂದ ಒರೆಸಿ, ಮತ್ತೆ ಒಳಗಿಟ್ಟರು.

"ಮನೆಗೆ ಹೋಗು ಆಮೊಯ್," ಎಂದರು. ನಾನು ಇನ್ನೇನೋ ಹೇಳಲು ಬಾಯಿ ತೆರೆದೆ. "ಸಾಕು. ಹೇಳಿದ್ದೇ ಜಾಸ್ತಿ ಆಯ್ತು. ಹೋಗು."

ಮರುದಿನ ದಶಮಿ. ಬಿಸಿಲು ಏರುವ ಹೊತ್ತು. ಅತ್ತೆ ಅಂಟು ಕಲಸುತ್ತಿದ್ದರು. ನಾನು ದಾರ ಪೋಣಿಸುತ್ತಿದ್ದೆ, ಅಲ್ಲ, ಪೋಣಿಸಿದ್ದನ್ನೇ ಬಿಚ್ಚಿ ಪೋಣಿಸುತ್ತಿದ್ದೆ. ನನ್ನ ಗಂಡ ಕೊಡೆ ಕೂರಿಸಿ ಕಾಗದ ಅಂಟಿಸುವ ತಿರುಗಣಿಯ ಮುಂದೆ ಕೂತಿದ್ದರು; ತಿರುಗಣಿ ತಿರುಗುತ್ತಿರಲಿಲ್ಲ. ಗಾಡಿ ಬರುವ ಸದ್ದಿಗೆ ಇಬ್ಬರ ಕಿವಿಯೂ ನೆಟ್ಟಿತ್ತು. ಅಷ್ಟರಲ್ಲಿ ಅತ್ತೆ ಮೂಗು ಎಳೆದರು.

"ಕಾಗದ ಸುಟ್ಟ ವಾಸನೆ!"

ಕೊಡೆಗಳ ಮೇಲಿಂದ ನೋಡಿದೆವು. ಗೂಡಿನ ತುದಿಯಿಂದ ಹೊಗೆ ಏಳುತ್ತಿತ್ತು. ಗಾಳಿಯಿರಲಿಲ್ಲ. ಕಪ್ಪಗೆ, ನೆಟ್ಟಗೆ, ಊರಿಗೆಲ್ಲ ಕಾಣುವಂತೆ.

"ಇವತ್ತು ದಶಮಿ! ಆ ಮುದುಕನಿಗೆ ತಲೆ ಕೆಟ್ಟಿದೆಯಾ?" ಅತ್ತೆ ಅಂಟಿನ ಕೈಯಲ್ಲೇ ಓಡಿದರು. ಊರೇ ಓಡಿತು. ನನ್ನ ಗಂಡನಿಗೆ, "ನೀವು ಏಳಬೇಡಿ" ಎಂದು ನಾನೂ ಹೋದೆ.

ದೊಡ್ಡಪ್ಪ ಗೂಡಿನ ಮುಂದೆ ನಿಂತಿದ್ದರು, ಮೂರು ಊದುಬತ್ತಿ ಹಿಡಿದು, ಹುಣ್ಣಿಮೆಯ ದಿನ ನಿಲ್ಲುವ ಹಾಗೆಯೇ. ಪೆಟ್ಟಿಗೆ ಬರಿದಾಗಿತ್ತು. ಗೂಡಿನ ಬಾಯಿಯಲ್ಲಿ ಕೊನೆಯ ಹಾಳೆಗಳು ಸುರುಟಿಕೊಳ್ಳುತ್ತಿದ್ದವು. ಅವರು ಬಗ್ಗಿ ಮೂರು ಸಲ ನಮಸ್ಕಾರ ಮಾಡುವುದಕ್ಕೂ ಪೊಲೀಸರ ಗಾಡಿ ಬರುವುದಕ್ಕೂ ಸರಿಹೋಯಿತು.

ಅಧಿಕಾರಿ ಇಳಿದು ಪೆಟ್ಟಿಗೆಯ ಒಳಗೆ ನೋಡಿದ. ಏನೋ ಕೂಗಿದ. ಲಿಮ್ ಅದನ್ನು ನಮ್ಮ ಮಾತಿನಲ್ಲಿ ಕೇಳಿದ: "ಯಾಕೆ ಸುಟ್ಟೆ? ನಿನ್ನೆ ಹೇಳಿರಲಿಲ್ವಾ ನಾನು?"

"ಗೆದ್ದಲು ಹಿಡಿದಿತ್ತಪ್ಪ." ದೊಡ್ಡಪ್ಪ ಪೆಟ್ಟಿಗೆಯ ಮೂಲೆ ತೋರಿಸಿದರು. ಅಲ್ಲಿ ಒಂದು ಹಿಡಿ ಹುತ್ತದ ಮಣ್ಣು, ಬಿಳಿ ಹುಳುಗಳು ಹರಿದಾಡುತ್ತಿದ್ದವು. ಅದು ಗುಡಿಯ ಹಿಂದಿನ ಬಿದಿರು ಬೇಲಿಯ ಹುತ್ತ ಎಂದು ನನಗೆ ನೋಡಿದ ಕೂಡಲೇ ತಿಳಿಯಿತು. "ಅಕ್ಷರವನ್ನ ಹುಳ ತಿನ್ನೋದನ್ನ ನೋಡ್ಕೊಂಡಿರಕ್ಕಾಗತ್ತಾ? ಬೆಂಕಿ ತಿಂದ್ರೆ ಮೋಕ್ಷ. ಹುಳ ತಿಂದ್ರೆ ಊರಿಗೇ ಕೇಡು."

ಅಧಿಕಾರಿ ಹೊಡೆದ. ಊದುಬತ್ತಿಗಳು ಬಿದ್ದವು. ಮುದುಕರ ಕೈಗಳನ್ನು ಹಿಂದಕ್ಕೆ ಕಟ್ಟುತ್ತಿರುವಾಗ ಅವರು ಗುಂಪಿನ ಕಡೆ ತಿರುಗಿ, ನನ್ನನ್ನು ನೋಡದೆ, ಅತ್ತೆಗೆ ಗದರುವ ದನಿಯಲ್ಲಿ ಹೇಳಿದರು:

"ಏನು ನೋಡ್ತೀಯ ತಂಗೀ? ಈ ಸಲ ನಿಮ್ಮ ಮನೆಯಿಂದ ಒಂದು ಚೂರೂ ಬರಲಿಲ್ಲ. ಕೊಳವೆ ಖಾಲಿ. ಅಕ್ಷರ ಕೊಡದ ಮನೆಯವರಿಗೆ ಇಲ್ಲೇನು ಕೆಲಸ?"

ಅತ್ತೆ ಹುಟ್ಟಿದಾಗಿನಿಂದ ಸುಳ್ಳು ಕೇಳಿ ಸುಮ್ಮನಿದ್ದವರಲ್ಲ. "ಬರಲಿಲ್ವಾ? ನಾನೇ ನನ್ನ ಕೈಯಾರೆ..."

ನಾನು ಅವರ ಕಾಲು ತುಳಿದೆ. ಮರದ ಪಾದರಕ್ಷೆಯಲ್ಲಿ, ಬಸುರಿಯ ಭಾರವನ್ನೆಲ್ಲ ಹಾಕಿ ತುಳಿದೆ. ಅತ್ತೆ ಅಯ್ಯೋ ಎಂದು ಕುಸಿದರು. ನಾನು ಅವರ ಮೇಲೆಯೇ ಬಿದ್ದು, ತಲೆ ಸುತ್ತಿತು ಎಂದು ಗಟ್ಟಿಯಾಗಿ ಅಳತೊಡಗಿದೆ. ಹೆಂಗಸರೆಲ್ಲ ಸುತ್ತಿಕೊಂಡರು. ಆ ಗದ್ದಲದೊಳಗೆ ದೊಡ್ಡಪ್ಪನ ದನಿ ಕೊನೆಯದಾಗಿ ಕೇಳಿಸಿತು: "ಲಿಮ್, ಬೂದಿ ತುಳೀಬೇಡಿ ಅಂತ ಸಾಹೇಬ್ರಿಗೆ ಹೇಳಪ್ಪ."

ಆಮೇಲಿನ ದಿನಗಳನ್ನು ಹೇಗೆ ಬರೆಯಲಿ? ಹಾಳೆ ಬೂದಿಯಾಗಿತ್ತು. ಆದರೆ ಹಾಳೆ ಯಾರ ಮನೆಯದೆಂಬುದು ಇನ್ನೊಂದು ಕಡೆ ಉಳಿದಿತ್ತು, ಒಬ್ಬ ಮುದುಕನ ತಲೆಯೊಳಗೆ. ಅದನ್ನು ಅಲ್ಲಿ ಇಟ್ಟವಳು ನಾನು. ಸುಮ್ಮನೆ ಮನೆಯಲ್ಲಿ ಕೂತಿದ್ದರೆ ಅವರಿಗೆ ಏನೂ ಗೊತ್ತಿರುತ್ತಿರಲಿಲ್ಲ. ನಾನು ಹೋಗಿ ಕೇಳಿದೆ. ಗೀಟಿನ ಹಾಳೆ ಎಂದೆ, ನಮ್ಮ ಮನೆಯದು ಎಂದೆ. ಈಗ ಅದನ್ನು ಅವರ ಬಾಯಿಂದ ಹೊರಗೆ ಎಳೆಯಲು ಜನ ಕೂತಿದ್ದರು.

ಮೂವರೂ ಕೆಲಸ ಮಾಡುತ್ತಿದ್ದೆವು. ಮಾಡದಿದ್ದರೆ ಅನುಮಾನ. ನನ್ನ ಗಂಡ ಅಂಟಿಸಿದ ಕಾಗದ ಸುಕ್ಕುಗಟ್ಟುತ್ತಿತ್ತು, ಬಿಚ್ಚಿದರೆ ಹರಿಯುತ್ತಿತ್ತು. ಸೈಕಲ್ ಗಂಟೆ ಕೇಳಿದರೆ ಅವರು ಕುಂಚ ಕೆಳಗಿಟ್ಟು ಎದ್ದು ನಿಲ್ಲುತ್ತಿದ್ದರು, ಕರೆಯುವ ಮೊದಲೇ ಹೊರಟವರ ಹಾಗೆ. ಗಂಟೆ ದೂರ ಹೋದಮೇಲೆ ಕೂರುತ್ತಿದ್ದರು. ದಿನಕ್ಕೆ ಎಷ್ಟು ಸಲ! ಅವರು ಎದ್ದಾಗಲೆಲ್ಲ ಒಂದು ಜೊತೆ ಬಟ್ಟೆ ಕಟ್ಟಿಟ್ಟ ಗಂಟಿನ ಕಡೆ ನನ್ನ ಕಣ್ಣು ಹೋಗುತ್ತಿತ್ತು. ಗಂಟು ಕಟ್ಟಿದವಳೂ ನಾನೇ. ಚುಂಗ್ ಮೇಷ್ಟ್ರು ಬಾಯಿ ಬಿಡಲಿಲ್ಲವೋ, ಬಿಡಿಸುವಷ್ಟು ದಿನ ಉಳಿಯಲಿಲ್ಲವೋ, ನಮಗೆ ತಿಳಿಯಲಿಲ್ಲ. ಅವರು ತಿರುಗಿ ಬರಲಿಲ್ಲ.

ಆಲದ ಮರದ ಕೆಳಗೆ ನಮ್ಮ ನೆಲದ ದೇವರ ಕಲ್ಲಿದೆ. ನಾನು ದಿನಾ ಬೆಳಗ್ಗೆ ಅಲ್ಲಿ ಊದುಬತ್ತಿ ಹಚ್ಚುತ್ತಿದ್ದೆ. ಮೊದಮೊದಲು, ದೊಡ್ಡಪ್ಪ ಕ್ಷೇಮವಾಗಿ ಬರಲಿ ಎಂದು ಬೇಡಿದೆ. ಇಪ್ಪತ್ತು ದಿನ ಕಳೆದ ಮೇಲೆ, ಅವರು ಬಾಯಿ ಬಿಡದಿರಲಿ ಎಂದು ಬೇಡಿದೆ. ಮೂವತ್ತು ದಿನದ ಮೇಲೆ ಒಂದು ಬೆಳಗ್ಗೆ, ಅವರು ಅಲ್ಲೇ ಸತ್ತುಹೋಗಲಿ ಎಂದು ಬೇಡಿಕೊಂಡೆ. ಬಾಯಿಬಿಟ್ಟು ಹೇಳಿದೆ. ದೇವರಿಗೆ ಕೇಳಿಸಲಿ ಎಂದು ಎರಡು ಸಲ ಹೇಳಿದೆ. ಇದನ್ನು ನನ್ನ ಗಂಡನಿಗೂ ಯಾವತ್ತೂ ಹೇಳಲಿಲ್ಲ.

ಐವತ್ತಮೂರನೇ ದಿನ ಅವರು ಬಂದರು. ಊರಿನ ಏಳು ಜನ ಹಿರಿಯರು ಜಾಮೀನು ನಿಂತಿದ್ದರಂತೆ. ನಡೆದುಕೊಂಡೇ ಬಂದರು. ಎಡಗಣ್ಣು ಮುಚ್ಚಿತ್ತು, ರೆಪ್ಪೆ ಎತ್ತಿದರೆ ಒಳಗೆ ಸುಣ್ಣದ ಹಾಗೆ ಬಿಳಿ. ಜನ ಮುತ್ತಿಕೊಂಡು ಕೇಳಿದ್ದಕ್ಕೆ ಹೇಳಿದರು:

"ಓದು ಅಂತ ಪತ್ರಿಕೆ ಕೊಟ್ರು. ಇಸ್ಕೊಂಡೆ. ತಲೆಕೆಳಗೆ ಹಿಡಿದಿದ್ನಂತೆ. ನಕ್ರು. ನಾಟಕ ಆಡ್ತೀಯಾ ಅಂದ್ರು. ಆಮೇಲೆ ನಗಲಿಲ್ಲ."

"ಕಣ್ಣು?"

ಅವರು ಉತ್ತರ ಕೊಡುವ ಮೊದಲೇ ಯಾರೋ ಹಿಂದಿನಿಂದ ಅಂದರು: "ಸುಡಬಾರದ ದಿನ ಸುಟ್ರೆ ಇನ್ನೇನಾಗತ್ತೆ?" ಅತ್ತೆಯೇ ಇರಬೇಕು, ಅತ್ತೆಯ ದನಿಯೇ.

ದೊಡ್ಡಪ್ಪ ಆ ಮಾತನ್ನು ಬಾಯಲ್ಲಿ ಹಾಕಿಕೊಂಡು ರುಚಿ ನೋಡುವವರ ಹಾಗೆ ಸ್ವಲ್ಪ ಹೊತ್ತು ನಿಂತರು. "ಹೌದಮ್ಮ," ಎಂದರು. "ಅದೇ ಸರಿ. ದಿನ ತಪ್ಪಿಸಿದೆ, ಕಣ್ಣು ಹೋಯ್ತು."

ಅಲ್ಲಿಂದ ಆ ಕತೆ ಶುರುವಾಯಿತು. ಅದು ನಮಗೆಲ್ಲ ಅನುಕೂಲದ ಕತೆಯಾಗಿತ್ತು. ದೇವರು ಹೊಡೆದ ಮೇಲೆ ಪೊಲೀಸರು ಹೊಡೆದದ್ದರ ಮಾತು ಬರುವುದಿಲ್ಲ. ಏಕೆ ಹೊಡೆದರು, ಯಾರಿಗಾಗಿ ಎಂದು ಯಾರೂ ಕೇಳುವುದಿಲ್ಲ.

ಮರುದಿನವೇ ಅಡ್ಡೆ ಹೊತ್ತು ನಮ್ಮ ಬಾಗಿಲಿಗೆ ಬಂದರು. ಅತ್ತೆ ಹೊಲಕ್ಕೆ ಹೋಗಿದ್ದರು, ನನ್ನ ಗಂಡ ಕೊಟ್ಟಿಗೆಯಲ್ಲಿದ್ದರು. ನನ್ನ ಹೊಟ್ಟೆ ಆಗ ದೊಡ್ಡದಾಗಿತ್ತು. ಹೊಸ್ತಿಲು ಹಿಡಿದುಕೊಂಡು, "ದೊಡ್ಡಪ್ಪ, ನಾನು ಬಂದು ಕೇಳಬಾರದಿತ್ತು," ಎಂದೆ.

"ಕೇಳಬಾರದಿತ್ತು," ಎಂದರು. ಕೋಪವಿರಲಿಲ್ಲ. "ನೀನು ಕೇಳದೆ ಇದ್ದಿದ್ರೆ ಗೊತ್ತಿಲ್ಲ ಅನ್ನೋದು ನಿಜಾನೇ ಆಗಿರ್ತಿತ್ತು. ನಿಜ ಹೇಳ್ತಾ ಪೆಟ್ಟು ತಿನ್ನೋದು ಸುಲಭ ಆಮೊಯ್. ಗೊತ್ತಿದ್ದು ಗೊತ್ತಿಲ್ಲ ಅನ್ನೋದು... ಅದು ಬಲೇ ಭಾರ. ಪ್ರತಿ ಸಲ ಬಾಯಿ ತೆಗೆದಾಗ ನಿಮ್ಮನೆ ಬಾಗಿಲೇ ಕಣ್ಮುಂದೆ ಬರೋದು."

"ಅದರಲ್ಲಿ ಏನು ಬರೆದಿತ್ತು ಅಂದ್ರೆ..."

"ಹೇಳಬೇಡ!" ಅವರು ಕೈ ಅಡ್ಡ ಹಿಡಿದರು. "ಮತ್ತೆ ಕರೆದ್ರೆ? ನನ್ನ ತಲೇಲಿ ಇನ್ನು ಜಾಗ ಇಲ್ಲ."

ಕೊಳವೆಗೆ ಚಿಮಟ ಹಾಕಿದರು. ಒಂದು ಕಣ್ಣಿನ ಅಂದಾಜು ಇನ್ನೂ ಕೂಡಿಬಂದಿರಲಿಲ್ಲ. ಚಿಮಟ ಎರಡು ಸಲ ಗೋಡೆಗೆ ತಾಗಿತು. ನಾನೇ ಚೀಟಿ ತೆಗೆದು ಬುಟ್ಟಿಗೆ ಹಾಕಿದೆ.

ಅವರು ಮತ್ತೆ ಹದಿನೇಳು ವರ್ಷ ಆ ಬುಟ್ಟಿ ಹೊತ್ತರು. ಒಂದು ದಿನವನ್ನೂ ತಪ್ಪಿಸಲಿಲ್ಲ. ಮಕ್ಕಳು ಒಕ್ಕಣ್ಣ ಎಂದು ಹಿಂದೆ ಓಡುತ್ತಿದ್ದವು. ಅವರಲ್ಲಿ ನನ್ನ ಮಗನೂ ಇದ್ದ. ಅವನ ಕಪಾಳಕ್ಕೆ ಹೊಡೆದೆ, ಏಕೆಂದು ಹೇಳಲಿಲ್ಲ. ನನ್ನ ಗಂಡ ಅವರಿಗೊಂದು ಕೊಡೆ ಮಾಡಿಕೊಟ್ಟರು, ಎರಡು ಬುಟ್ಟಿಗೂ ನೆರಳಾಗುವಷ್ಟು ಅಗಲದ್ದು, ನಾಲ್ಕು ಸಲ ಎಣ್ಣೆ ಕುಡಿಸಿದ್ದು. ಅತ್ತೆ ಮಾತ್ರ ಸಾಯುವವರೆಗೂ, "ಒಳ್ಳೆಯವನೇ ಪಾಪ, ಆದರೆ ದಿನ ತಪ್ಪಿಸಿದ," ಎನ್ನುತ್ತಿದ್ದರು. ಅವರಿಗೆ ನಾವು ಹೇಳಲೇ ಇಲ್ಲ. ಹೇಳಿದ್ದರೆ, ಪಟ್ಟಿಯನ್ನು ಕೊಳವೆಗೆ ಹಾಕಿದ್ದು ತನ್ನ ಕೈ ಎಂದು ಆ ಕೈಯನ್ನು ಏನು ಮಾಡಿಕೊಳ್ಳುತ್ತಿದ್ದರೋ.

ಆಮೇಲೆ ಕಾಲ ಬದಲಾಯಿತು. ಆಗ ಸೆರೆಹೋದವರ ಹೆಸರುಗಳನ್ನು ಪತ್ರಿಕೆಯಲ್ಲಿ ಬರೆದರು, ಚುಂಗ್ ಮೇಷ್ಟ್ರ ಹೆಸರೂ ಬಂತು. ಮಗ ಓದಿ ಹೇಳಿದ. ನನ್ನ ಗಂಡ ಎದ್ದು ಹೋಗಿ ಅಂಗಳದ ಬಾಗಿಲು ಹಾಕಿ ಬಂದು, "ಮೆಲ್ಲಗೆ ಓದು," ಎಂದರು. ಅವರು ತೀರಿಹೋಗಿ ಇಪ್ಪತ್ತನಾಲ್ಕು ವರ್ಷವಾಯಿತು. ಆ ಬಟ್ಟೆಯ ಗಂಟನ್ನು ಅವರ ಜೊತೆಗೇ ಕಳಿಸಿದೆ.

ಈ ವರ್ಷ ಬೂದಿ ಬಿಡುವ ನವಮಿಗೆ ಮೂರು ಬಸ್ಸು ಬಂದಿದ್ದವು. ಮೊಮ್ಮಗ ನನ್ನನ್ನು ಗಾಲಿಕುರ್ಚಿಯಲ್ಲಿ ಕೂರಿಸಿ ಗೂಡಿನ ಹತ್ತಿರ ತಂದು ನಿಲ್ಲಿಸಿದ. ಹುಡುಗಿ ಮೈಕು ಹಿಡಿದು ಶುರು ಮಾಡಿದಳು. ಒಕ್ಕಣ್ಣಜ್ಜ ಇದ್ದ, ಸುಡಬಾರದ ದಿನ ಸುಟ್ಟ, ದೇವರು ಕಣ್ಣು...

"ದೇವರಲ್ಲ ಮಗಳೇ," ಎಂದೆ.

ಅಷ್ಟು ಮೆಲ್ಲಗೆ ಹೇಳಿದ್ದು ಅವಳಿಗೆ ಹೇಗೆ ಕೇಳಿಸಿತೋ. ಅವಳು ಬಗ್ಗಿ ಮೈಕನ್ನು ನನ್ನ ಬಾಯಿಗೆ ಹಿಡಿದಳು. "ಏನಜ್ಜೀ? ಮತ್ತೆ ಯಾರು?"

ಜನರೆಲ್ಲ ತಿರುಗಿದರು. ಫೋನುಗಳು ಎದ್ದವು, ಒಂದೊಂದರಲ್ಲೂ ಒಂದೊಂದು ಕಣ್ಣು. ನನ್ನ ಬೆನ್ನ ಹಿಂದೆ ರಸ್ತೆಯಲ್ಲಿ ಸೈಕಲ್ ಗಂಟೆ ಆಯಿತು. ಯಾವುದೋ ಶಾಲೆಯ ಮಗುವಿರಬೇಕು. ಆದರೂ ನಾನು ತಿರುಗಿ ನೋಡಿದೆ, ನೋಡದೆ ಇರಲಾಗಲಿಲ್ಲ. ಮೊಮ್ಮಗ, "ಬೇಡ ಬಿಡಜ್ಜಿ, ಮನೆಗೆ ಹೋಗೋಣ," ಎಂದ.

"ಪೊಲೀಸ್ರು ಹೊಡೆದ್ರು," ಎಂದೆ. "ಅವರು ದಿನ ಮರೆತು ಸುಟ್ಟಿದ್ದಲ್ಲ. ನಾನು ಹೋಗಿ ಕೇಳಿದ್ದಕ್ಕೆ ಸುಟ್ಟಿದ್ದು. ನಮ್ಮನೆಯವರ ಹೆಸರು ಆ ಕಾಗದದಲ್ಲಿತ್ತು."

ಯಾರೂ ನಗಲಿಲ್ಲ. ಹುಡುಗಿ ಬಾವುಟ ಮಡಿಸಿ ಕಂಕುಳಲ್ಲಿ ಇಟ್ಟುಕೊಂಡಳು.

"ಅಜ್ಜೀ, ನಿಮ್ಮ ಹೆಸರು?"

"ಯುನ್‌ಮೊಯ್," ಎಂದೆ.

"ನಿಮ್ಮ ಮನೆಯವರ ಹೆಸರು?"

ಬಾಯಿ ತೆರೆದೆ. ಎಪ್ಪತ್ತು ವರ್ಷದ ಹಿಂದೆ ಒಬ್ಬರು ಐವತ್ತಮೂರು ದಿನ ಹೇಳದೆ ಉಳಿಸಿಕೊಟ್ಟ ಹೆಸರು ಅದು. ಹೊಳೆಯ ಕಡೆ ವಾದ್ಯ ಶುರುವಾಗಿತ್ತು, ಬೂದಿಯ ಜಾಡಿಗಳನ್ನು ಎತ್ತುತ್ತಿದ್ದರು. ನಾನು ತಲೆ ಅಲ್ಲಾಡಿಸಿದೆ. ಅಲ್ಲಿ ಹೇಳಲಿಲ್ಲ. ಇಲ್ಲಿಯೂ ಬರೆದಿಲ್ಲ.